ಇಂಚು ಸಾಕು, ಅಗಲ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆ ಮನೆಗೆ ಬಂದಾಗ ಮೊದಲು ಪತ್ರಿಕೆಯೇ ಕಾಣಲಿಲ್ಲ. ಮುಖಪುಟದ ಮೇಲೆ ಇನ್ನೊಂದು ಹಾಳೆ ಹೊದಿಸಿದ್ದಿರಿ. ಅದರ ತುಂಬ ಒಂದೇ ಒಂದು ಫೋನು. ಪಕ್ಕದಲ್ಲಿ ಅಂಗೈಯಷ್ಟು ದಪ್ಪ ಅಕ್ಷರದಲ್ಲಿ ‘6.78 ಇಂಚು’. ಒಳಗೆ ತಿರುವಿದರೆ ಅದೇ ಫೋನಿನ ಬಿಡುಗಡೆಯ ಸುದ್ದಿ. ಜಾಹೀರಾತಿನಲ್ಲಿದ್ದ ಮಾತುಗಳೇ ಸುದ್ದಿಯಲ್ಲೂ ಇದ್ದವು, ಅಕ್ಷರ ಮಾತ್ರ ಸಣ್ಣದು. ಇಷ್ಟು ಮೆಗಾಪಿಕ್ಸೆಲ್, ಇಷ್ಟು ಎಂಎಎಚ್, ಮೂರು ಬಣ್ಣ. ಮೂರನೇ ಬಣ್ಣದ ಹೆಸರು ಓದಿ ಮಗಳು ನಕ್ಕಳು.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್, ಅಂದರೆ ಗೂಡಿನಿಂದ ನೂಲು ಬಿಚ್ಚುವ ಕೆಲಸ, ಮಾಡುವವಳು. ಮನೆಯ ಹಿಂದೆ ಅದಕ್ಕೆ ಬೇಕಾದ ಬಿಸಿ ನೀರಿನ ತೊಟ್ಟಿ, ನಾಲ್ಕು ಬೇಸಿನ್ ಇವೆ. ಯಜಮಾನರು ತೀರಿಕೊಂಡ ಮೇಲೆ ಗೂಡು ಕೊಳ್ಳುವುದೂ ನಾನೇ, ನೂಲು ಮಾರುವುದೂ ನಾನೇ. ವಯಸ್ಸು 49. ಹಾಗಾಗಿ ಫೋನು ನನಗೆ ಶೋಕಿಯಲ್ಲ, ತಕ್ಕಡಿ ಇದ್ದ ಹಾಗೆ ದಂಧೆಯ ಸಾಮಾನು. ನಮ್ಮ ಗೂಡು ಮಾರ್ಕೆಟ್ಟಿನಲ್ಲಿ ಹರಾಜು ಮೊಬೈಲಿಗೆ ಬಂದು ವರ್ಷಗಳಾದವು. ಮೊದಲಿನ ಹಾಗೆ ಕೂಗಾಟವಿಲ್ಲ. ಲಾಟ್ ನಂಬರ್ ನೋಡಬೇಕು, ಗೂಡನ್ನು ಕೈಯಲ್ಲಿ ಆಡಿಸಬೇಕು, ದರ ಒತ್ತಬೇಕು.

ನಿಮ್ಮ ಜಾಹೀರಾತಿನ ಫೋನಿಗೂ ನನಗೂ ಸಂಬಂಧವಿಲ್ಲ. ಆದರೆ ಅದೇ 6.78 ಇಂಚಿನ, ಬೇರೆ ಕಂಪನಿಯ ಫೋನೊಂದು ಎಂಟು ತಿಂಗಳಿಂದ ನನ್ನ ಹತ್ತಿರವಿದೆ. ಬೆಂಗಳೂರಿನಲ್ಲಿರುವ ಮಗ ತಂದುಕೊಟ್ಟ. ‘ಅಮ್ಮ, ನಿನ್ನ ಕಣ್ಣಿಗೆ ದೊಡ್ಡ ಪರದೆ ಒಳ್ಳೇದು’ ಅಂದ. 24 ಸಾವಿರ ಕೊಟ್ಟಿದ್ದಾನೆ. ಪ್ರೀತಿಯಿಂದ ಕೊಟ್ಟಿದ್ದನ್ನು ದೂರಬಾರದು, ದೂರುತ್ತಲೂ ಇಲ್ಲ. ಮೊಮ್ಮಗುವನ್ನು ವಿಡಿಯೊ ಕಾಲಿನಲ್ಲಿ ನೋಡಿದರೆ ಅದರ ಹಾಲುಹಲ್ಲು ಕೂಡ ಎಣಿಸಬಹುದು. ಚಾರ್ಜು ಎರಡು ದಿನ ಬರುತ್ತದೆ. ಇದೆಲ್ಲ ನಿಜ.

ತೊಂದರೆ ಶುರುವಾಗಿದ್ದು ಮಾರ್ಕೆಟ್ಟಿನಲ್ಲಿ. ಒಂದು ದಿನ ಹಳದಿ ಗೂಡಿನ ಲಾಟೊಂದು ಇಷ್ಟವಾಯಿತು. 58 ಕೆಜಿ. ಎಡಗೈಯಲ್ಲಿ ಒಂದು ಹಿಡಿ ಗೂಡು ಇತ್ತು, ಬಲಗೈಯಲ್ಲಿ ಫೋನು. ಕೆಜಿಗೆ 462 ಎಂದು ಒತ್ತಲು ಹೋದೆ. ಒತ್ತಿದ್ದು 492. ಆರರ ಕೆಳಗೇ ಒಂಬತ್ತು ಇರುತ್ತದಲ್ಲಾ, ಹೆಬ್ಬೆರಳು ಅಲ್ಲಿಗೆ ಜಾರಿತು. ಲಾಟ್ ನನಗೇ ಆಯಿತು, ಇನ್ಯಾರಿಗೆ ಆಗುತ್ತೆ? 30 ರೂಪಾಯಿ ಗುಣಿಸು 58, 1740 ರೂಪಾಯಿ ಸುಮ್ನೆ ಹೋಯಿತು. ಗೂಡು ತಂದ ರೈತರು ಪಾಪ ಖುಷಿಯಾಗಿ ನನಗೆ ಟೀ ಕುಡಿಸಿದರು. ಅಷ್ಟು ದುಬಾರಿ ಟೀ ನಾನು ಅವತ್ತಿನವರೆಗೆ ಕುಡಿದಿರಲಿಲ್ಲ.

ತಪ್ಪು ನನ್ನದೂ ಇದೆ. ಕನ್ನಡಕ ಹಾಕಿರಲಿಲ್ಲ. ಆದರೆ ಆಮೇಲೆ ಮನೆಯಲ್ಲಿ ಕೂತು ಫೋನನ್ನು ಹಿಡಿದು ಹಿಡಿದು ನೋಡಿದೆ. ಕೆಳಗೆ ಹಿಡಿದರೆ ತಲೆಭಾರಕ್ಕೆ ಮುಂದಕ್ಕೆ ವಾಲುತ್ತದೆ, ಯಾಕೆಂದರೆ ಕ್ಯಾಮೆರಾ ಎಲ್ಲ ಮೇಲಿದೆ. ನಡುವೆ ಹಿಡಿದರೆ ಭಾರ ಸರಿಹೋಗುತ್ತದೆ, ಆದರೆ ಅಂಕಿಗಳೆಲ್ಲ ಪರದೆಯ ಬುಡದಲ್ಲಿವೆ. ಹೆಬ್ಬೆರಳನ್ನು ಕೊಕ್ಕೆಯ ಹಾಗೆ ಕೆಳಕ್ಕೆ ಮಡಚಬೇಕು. ಗಂಡಸರ ಕೈಗೆ ಇದು ಅಷ್ಟು ಗೊತ್ತಾಗಲಿಕ್ಕಿಲ್ಲ. ನನ್ನ ಕೈ ಚಿಕ್ಕದು. ಸೀರೆಗೆ ಜೇಬೂ ಇಲ್ಲ. ಸೊಂಟಕ್ಕೆ ಸಿಕ್ಕಿಸಿದರೆ ಕೂತಾಗ ಹೊಟ್ಟೆಗೆ ಒತ್ತುತ್ತದೆ.

ಆಗ ನನಗೊಂದು ಅನುಮಾನ ಬಂತು. ನನ್ನ ಹಳೆಯ ಫೋನು ಇನ್ನೂ ಅಗಲವಾಗಿತ್ತು. ಆದರೂ ಅದರಲ್ಲಿ ಹೀಗಾಗುತ್ತಿರಲಿಲ್ಲ, ಯಾಕೆ?

ಹಳೆಯದು ಎಂದರೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್, ಅದರಲ್ಲೂ ಮೊಟ್ಟಮೊದಲನೆಯದು. ನನ್ನ ತಮ್ಮ ಬಳಸಿ ಬಿಟ್ಟದ್ದು. ಅದನ್ನು 2011ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬರ್ಲಿನ್ ಮೇಳದಲ್ಲಿ ಮೊದಲು ತೋರಿಸಿದ್ದು. ಪರದೆ 5.3 ಇಂಚು. ಆಗ ಇದೇ ಭಾರಿ ದೊಡ್ಡದು. ಫೋನೂ ಅಲ್ಲ ಟ್ಯಾಬ್ಲೆಟ್ಟೂ ಅಲ್ಲ ಎಂದು ‘ಫ್ಯಾಬ್ಲೆಟ್’ ಅನ್ನುತ್ತಿದ್ದರು. ತಮ್ಮ ಅದನ್ನು ಕಿವಿಗೆ ಹಿಡಿದರೆ ಬೀದಿಯಲ್ಲಿ ಹುಡುಗರು ‘ಅಣ್ಣಾ, ಸ್ಲೇಟಲ್ಲಿ ಮಾತಾಡ್ತಿದೀಯಾ’ ಎಂದು ರೇಗಿಸುತ್ತಿದ್ದರು. ಅದಕ್ಕೂ ಒಂದು ವರ್ಷ ಮೊದಲು, 2010ರಲ್ಲಿ, ಆ್ಯಪಲ್‌ನ ಸ್ಟೀವ್ ಜಾಬ್ಸ್ ಕೈಯಲ್ಲಿ ಹಿಡಿಯಲಾಗದ ದೊಡ್ಡ ಫೋನನ್ನು ಯಾರೂ ಕೊಳ್ಳುವುದಿಲ್ಲ ಎಂಬ ಅರ್ಥದಲ್ಲಿ ಮಾತಾಡಿದ್ದರು. 2014ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ 5.5 ಇಂಚಿನ ಐಫೋನ್ 6 ಪ್ಲಸ್ ತಂದಿತು. ದೊಡ್ಡವರ ಮಾತು, ನಾವೇನು ಹೇಳೋದು.

ಆ ನೋಟ್ ಈಗ ಓಡುವುದಿಲ್ಲ. ಬೀರುವಿನಲ್ಲಿದೆ. ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ಇಸಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದೆ. ಹಳೆಯದರ ಪರದೆಯ ಅಗಲ 7 ಸೆಂಟಿಮೀಟರ್ ಮೇಲೆ ಒಂದು ಗೆರೆ. ಉದ್ದ 11.4. ಹೊಸದರ ಅಗಲ 7 ಸೆಂಟಿಮೀಟರ್, ಒಂದು ಗೆರೆಯೂ ಜಾಸ್ತಿ ಇಲ್ಲ ಅನ್ನಿಸಿತು. ಉದ್ದ 15.7. ಮೂರು ಸಲ ಅಳೆದೆ ಸ್ವಾಮಿ. ಇಷ್ಟು ವರ್ಷದಲ್ಲಿ ಇಂಚು 5.3ರಿಂದ 6.78ಕ್ಕೆ ಹೋಗಿದೆ, ಆದರೆ ಅಗಲ ಕೂದಲಷ್ಟೂ ಬೆಳೆದಿಲ್ಲ. ಬೆಳೆದದ್ದೆಲ್ಲ ಉದ್ದಕ್ಕೆ. ಪಡವಲಕಾಯಿಯ ಹಾಗೆ.

ಚಿಂತಾಮಣಿಯಲ್ಲಿ ನನ್ನ ತಂಗಿಯ ಮಗನದ್ದು ಮೊಬೈಲ್ ರಿಪೇರಿ ಅಂಗಡಿ. ಅವನಿಗೆ ಫೋನ್ ಮಾಡಿ ಕೇಳಿದೆ. ‘ದೊಡ್ಡಮ್ಮ, ಇಂಚು ಅಂದ್ರೆ ಅಗಲ ಅಲ್ಲ, ಉದ್ದಾನೂ ಅಲ್ಲ. ಈ ಮೂಲೆಯಿಂದ ಆ ಮೂಲೆಗೆ ಅಡ್ಡಡ್ಡ ಅಳೀತಾರೆ’ ಅಂದ. ಪಕ್ಕದಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳು ‘ಅದಕ್ಕೆ ಕರ್ಣ ಅಂತಾರಮ್ಮ’ ಅಂದಳು. ಕರ್ಣ ಎಂದರೆ ಕೇಳಿದ್ದೆಲ್ಲ ಕೊಡುವವನು ಅಂದುಕೊಂಡಿದ್ದೆ. ಈ ಕರ್ಣ ಏನೂ ಕೊಡುವುದಿಲ್ಲ.

ಹುಡುಗ ಇನ್ನೂ ಬಿಡಿಸಿ ಹೇಳಿದ. ಆ ಹಳೆಯ ನೋಟ್‌ನ ಪರದೆ 16 ಪಾಲು ಉದ್ದಕ್ಕೆ 10 ಪಾಲು ಅಗಲ. ಆಮೇಲೆ ಬಹಳ ವರ್ಷ ಫೋನುಗಳೆಲ್ಲ 16ಕ್ಕೆ 9 ಇದ್ದವು. 2017ರ ಸುಮಾರಿಗೆ 18ಕ್ಕೆ 9 ಬಂತು. ಈಗ 20ಕ್ಕೆ 9. ಪರದೆಯನ್ನು ಉದ್ದಕ್ಕೆ ಎಳೆದಷ್ಟೂ ಕರ್ಣ ಬೆಳೆಯುತ್ತದೆ, ಇಂಚಿನ ಅಂಕಿ ಏರುತ್ತದೆ. 16ಕ್ಕೆ 9ರ ಲೆಕ್ಕದ 5.5 ಇಂಚಿನ ಫೋನೊಂದನ್ನೂ 20ಕ್ಕೆ 9ರ 6.5 ಇಂಚಿನದನ್ನೂ ತಗೊಳ್ಳಿ. ಲೆಕ್ಕ ಹಾಕಿದರೆ ಹಳೆಯದರ ಅಗಲ 68.5 ಮಿಲಿಮೀಟರ್, ಹೊಸದರದ್ದು 67.8. ಪೂರ್ತಿ ಒಂದು ಇಂಚು ‘ದೊಡ್ಡದಾದ’ ಫೋನು ಅಗಲದಲ್ಲಿ ಕಡಿಮೆ! ಮಗಳು ಪೈಥಾಗೊರಸ್ ಪ್ರಮೇಯ ಹಾಕಿ ಇದನ್ನು ತೆಗೆದಳು. ಪರೀಕ್ಷೆಗೆ ಆಗದಿದ್ದರೂ ಇದಕ್ಕಾದರೂ ಆಯಿತು.

ಅಗಲವೊಂದೇ ಯಾಕೆ ಮುಖ್ಯ ಎಂದು ನೀವು ಕೇಳಬಹುದು. ಕನ್ನಡ ಎಡದಿಂದ ಬಲಕ್ಕೆ ಓದುತ್ತೇವಲ್ಲಾ. ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎನ್ನುವುದು ಅಗಲದ ಮೇಲೆ ನಿಂತಿದೆ. ನಮ್ಮ ತೋಟದ ಪಹಣಿಯನ್ನು ಫೋನಿನಲ್ಲಿ ತೆರೆದರೆ ಅದು ಪರದೆಯ ಅಗಲಕ್ಕೆ ಕುಗ್ಗಿ ಕೂರುತ್ತದೆ. ಹಳೆಯ 5.3 ಇಂಚಿನಲ್ಲಿ ಎಷ್ಟು ಸಣ್ಣ ಕಾಣುತ್ತಿತ್ತೋ ಈ 6.78 ಇಂಚಿನಲ್ಲೂ ಅಷ್ಟೇ ಸಣ್ಣ. ಕೆಳಗೆ ಒಂದು ಗೇಣು ಖಾಲಿ. ‘ಫೋನನ್ನು ಅಡ್ಡ ಹಿಡಿ’ ಎನ್ನುತ್ತಾನೆ ಮಗ. ಅಡ್ಡ ಹಿಡಿದರೆ ಓದಬಹುದು, ಆದರೆ ಏನಾದರೂ ಬರೆಯಲು ಹೋದರೆ ಕೀಬೋರ್ಡೇ ಅರ್ಧಕ್ಕಿಂತ ಜಾಸ್ತಿ ಜಾಗ ನುಂಗುತ್ತದೆ. ಬರೆದದ್ದು ಕಾಣುವುದು ಒಂದೋ ಎರಡೋ ಸಾಲು. ಸಿನಿಮಾ ನೋಡುವವರಿಗೆ ಈ ಉದ್ದ ಸರಿ. ಬೆರಳಲ್ಲಿ ಸರಸರ ಮೇಲೆ ತಳ್ಳುತ್ತಾ ವಿಡಿಯೊ ನೋಡುವ ಹುಡುಗರಿಗೂ ಸರಿ. ಅವರಿಗಾಗಿಯೇ ಮಾಡಿದ್ದಾರೆ ಅನ್ನಿಸುತ್ತದೆ.

ಇನ್ನು ಅಕ್ಷರದ ವಿಷಯ. ಪರದೆ ದೊಡ್ಡದಿದೆಯಲ್ಲಾ ಎಂದು ಸೆಟ್ಟಿಂಗ್ಸಿನಲ್ಲಿ ಅಕ್ಷರದ ಗಾತ್ರ ಜಾಸ್ತಿ ಮಾಡಿದೆ. ಇಂಗ್ಲಿಷ್ ಚೆನ್ನಾಗಿ ದಪ್ಪವಾಯಿತು. ಕನ್ನಡಕ್ಕೆ ಬುಡ ಹೋಯಿತು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಆ ಇಳಿಜಾಗವನ್ನು ಕೆಲವು ಆ್ಯಪುಗಳಲ್ಲಿ ಬಿಟ್ಟೇ ಇಲ್ಲ. ಅಕ್ಷರ ದೊಡ್ಡದಾದಂತೆ ಒತ್ತು ಕತ್ತರಿಸಿ ಹೋಗುತ್ತದೆ. ‘ಶಿಡ್ಲಘಟ್ಟ’ ನನ್ನ ಫೋನಿನ ಒಂದು ಬಟನ್ನಿನ ಮೇಲೆ ‘ಶಿಡಘಟ’ ಆಗಿದೆ. ಅಕ್ಕ ‘ಅಕ’, ಅಮ್ಮ ‘ಅಮ’. ಚಿಕ್ಕಬಳ್ಳಾಪುರ ‘ಚಿಕಬಳಾಪುರ’. ಇಡೀ ಜಿಲ್ಲೆಗೇ ಒತ್ತು ಇಲ್ಲ. ಭಾರತದಲ್ಲಿ ಮಾರುವ ಫೋನುಗಳು 22 ಭಾಷೆಗಳ ಬರಹವನ್ನೂ ತೋರಿಸಬೇಕು ಎಂದು ನಮ್ಮದೇ ಒಂದು ಮಾನಕವಿದೆ, ಅದರ ನಂಬರ್ 16333. ತೋರಿಸುತ್ತವೆ, ಸರಿ. ಕನ್ನಡಕ ಹಾಕುವ ವಯಸ್ಸಿನವರು ಅಕ್ಷರ ದಪ್ಪ ಮಾಡಿಕೊಂಡಾಗಲೂ ಒತ್ತು ಉಳಿಯುತ್ತದಾ ಎಂದು ಯಾರು ನೋಡಬೇಕು?

ನಮ್ಮ ಕೆಲಸ ನೀರಿನದ್ದು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಅಂಟು ಬಿಡಿಸಬೇಕು. ಆಮೇಲೆ ಬಿಸಿ ನೀರಿನ ಬೇಸಿನ್ನಿನಲ್ಲಿ ಕೈ ಆಡಿಸಿ ಎಳೆ ಹುಡುಕಬೇಕು. ದಿನವಿಡೀ ಇದೇ. ಬೆರಳ ತುದಿ ಬೆಳ್ಳಗೆ ಊದಿ ಸುಲಿದು ಹೋಗಿರುತ್ತದೆ. ಹೊಸ ಫೋನಿನಲ್ಲಿ ಬೆರಳಚ್ಚು ನೋಡುವ ಕಣ್ಣು ಪರದೆಯ ಒಳಗೇ ಇದೆ. ಅದು ಬೆರಳಿನ ಗೆರೆಗಳ ಫೋಟೊ ತೆಗೆದು ಹೊಂದಿಸಿ ನೋಡುತ್ತದಂತೆ. ನನ್ನ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿದೆ? ಹತ್ತು ಸಲಕ್ಕೆ ಎರಡು ಸಲ ತೆರೆಯುತ್ತದೆ. ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟಿಗೆ ಇದೇ ಪಾಡು, ಅಭ್ಯಾಸವಾಗಿದೆ. ಪರದೆಯೂ ಅಷ್ಟೆ. ಬೆರಳು ತಾಗಿದಾಗ ಆಗುವ ವಿದ್ಯುತ್ತಿನ ಸಣ್ಣ ಏರುಪೇರನ್ನು ಹಿಡಿದು ಅದು ಕೆಲಸ ಮಾಡುವುದು. ನೀರಿನ ಹನಿ ಇದ್ದರೆ ಅದನ್ನೂ ಬೆರಳು ಅಂದುಕೊಳ್ಳುತ್ತದೆ. ಒದ್ದೆ ಕೈಯಲ್ಲಿ ಒಂದು ಕಾಲ್ ಎತ್ತಲು ಹೋಗಿ ಯಾರಿಗೋ ಮೂರು ಹೂವಿನ ಚಿತ್ರ ಕಳಿಸಿದ್ದೇನೆ.

ಆ ಹಳೆಯ ನೋಟ್‌ನಲ್ಲಿ ಒಂದು ಕಡ್ಡಿ ಇತ್ತು. ಕಂಪನಿಯವರು ಎಸ್ ಪೆನ್ ಅನ್ನುತ್ತಿದ್ದರು. ಫೋನಿನ ಬುಡದಲ್ಲಿ ಸಿಕ್ಕಿಸುವುದು. ಎಲ್ಲರೂ ಅದನ್ನು ಚಿತ್ರ ಬಿಡಿಸಲು ಅಂದುಕೊಂಡಿದ್ದರು. ನನಗೆ ಅದು ದರ ಒತ್ತುವ ಕಡ್ಡಿ. ಅದು ಬೆರಳಿನ ವಿದ್ಯುತ್ತಿನ ಮೇಲೆ ನಡೆಯುವುದಲ್ಲ. ಪರದೆಯ ಅಡಿಯಲ್ಲಿ ಇನ್ನೊಂದು ಪದರವಿದ್ದು, ಕಡ್ಡಿಯೊಳಗಿನ ಪುಟ್ಟ ಸುರುಳಿಯನ್ನು ಅಯಸ್ಕಾಂತದ ಶಕ್ತಿಯಿಂದ ಗುರುತಿಸುತ್ತದೆ. ಅದಕ್ಕೇ ಕೈ ಒದ್ದೆಯಿದ್ದರೂ, ಬೆರಳು ಸುಲಿದಿದ್ದರೂ ಕೆಲಸ ಮಾಡುತ್ತಿತ್ತು. ತುದಿ ಚೂಪಾದ್ದರಿಂದ ಆರು ಆರೇ, ಒಂಬತ್ತು ಒಂಬತ್ತೇ. ಹಿಂದಿನ ಮುಚ್ಚಳ ಉಗುರಿನಲ್ಲಿ ಬಿಚ್ಚಿ ಬ್ಯಾಟರಿ ತೆಗೆಯಬಹುದಿತ್ತು. ನಾನು ಮೂರು ಸಲ ಬದಲಿಸಿದೆ. 2015ರಲ್ಲಿ ಬಂದ ನೋಟ್ 5ರಿಂದ ಆ ಬ್ಯಾಟರಿಯನ್ನೂ ಒಳಗೇ ಮುಚ್ಚಿಬಿಟ್ಟರು. ಈಗ ಆ ಕಂಪನಿಯ ಕಡ್ಡಿಯೇ ಬೇಕೆಂದರೆ ಅದರ ಅತಿ ದುಬಾರಿ ಫೋನಿಗೇ ಹೋಗಬೇಕು. ಆ ದುಡ್ಡಿಗೆ ನನ್ನ ಇನ್ನೊಂದು ಬೇಸಿನ್ ಎದ್ದು ನಿಲ್ಲುತ್ತದೆ.

ತೂಕವನ್ನೂ ನೋಡಿದೆ. ನೂಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲೇ ಇದೆ. ಹಳೆಯದು 178 ಗ್ರಾಂ. ಹೊಸದು 204. ಕವರು, ಮೇಲಿನ ಗಾಜು ಸೇರಿಸಿ 243. ಮೊನ್ನೆ ಪತ್ರಿಕೆಯಲ್ಲಿ ಇಷ್ಟೆಲ್ಲ ಅಂಕಿ ಹಾಕಿದ್ದಿರಿ, ತೂಕ ಎಲ್ಲೂ ಇರಲಿಲ್ಲ.

ಕೊನೆಗೆ ಆಗುವುದು ಆಯಿತು. ಎರಡು ತಿಂಗಳ ಹಿಂದೆ ಫೋನು ಮಾರ್ಕೆಟ್ಟಿನ ಸಿಮೆಂಟ್ ನೆಲದ ಮೇಲೆ ಬಿತ್ತು. ಒಂದು ಮೂಲೆಯಲ್ಲಿ ಜೇಡರ ಬಲೆ. ನಮ್ಮೂರಿನಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಚಿಕ್ಕಬಳ್ಳಾಪುರಕ್ಕೆ ಹೋದೆ. ಅವರು ಬೆಂಗಳೂರಿಗೆ ಕಳಿಸುತ್ತೇವೆ ಅಂದರು. 11 ದಿನ, 9,800 ರೂಪಾಯಿ. ಒಡೆದದ್ದು ಮೇಲಿನ ಗಾಜು ಮಾತ್ರ, ಒಳಗಿನ ಚಿತ್ರ ಸರಿಯಾಗಿ ಕಾಣುತ್ತಿದೆಯಲ್ಲಾ ಅಂದೆ. ಗಾಜು, ಟಚ್, ಡಿಸ್‌ಪ್ಲೇ ಮೂರನ್ನೂ ಅಂಟಿಸಿ ಒಂದೇ ಮಾಡಿರುತ್ತಾರೆ, ಪೂರ್ತಿ ಬದಲಿಸಬೇಕು ಎಂದರು. ತಂಗಿಯ ಮಗನೂ ಅದನ್ನೇ ಹೇಳಿದ. ಪರದೆ ದೊಡ್ಡದಾದಷ್ಟೂ ಬೀಳುವಾಗ ಮೂಲೆ ತಾಗುವುದೂ ಜಾಸ್ತಿ, ಬದಲಿಸುವ ಖರ್ಚೂ ಜಾಸ್ತಿ ಅಂದ. 24 ಸಾವಿರದ ಫೋನಿಗೆ ಹತ್ತಿರ ಹತ್ತಿರ 10 ಸಾವಿರದ ಗಾಜು. ಕೊಳ್ಳುವ ದಿನ ಈ ಲೆಕ್ಕ ಯಾರೂ ಹೇಳಿರಲಿಲ್ಲ. ನಾನು ಬದಲಿಸಲಿಲ್ಲ. ಬಿರುಕಿನ ಮೇಲೆ ಟೇಪ್ ಹಚ್ಚಿಕೊಂಡು ಓಡಾಡುತ್ತಿದ್ದೇನೆ. ಟೇಪ್ ಸರಿಯಾಗಿ ‘3’ರ ಮೇಲೆ ಬರುತ್ತದೆ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರುವ ಹೊಸ ಫೋನುಗಳಿಗೆ ಒಂದು ಚೀಟಿ ಕಡ್ಡಾಯ ಮಾಡಿದ್ದಾರೆ. ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ, ಬ್ಯಾಟರಿ ಎಷ್ಟು ಸಲ ಚಾರ್ಜಿಗೆ ಬರುತ್ತದೆ, ಎಲ್ಲಕ್ಕೂ ಅದರಲ್ಲಿ ಅಂಕಿಯೋ ದರ್ಜೆಯೋ ಇರುತ್ತದೆ. ನಮ್ಮಲ್ಲಿ ಫ್ರಿಜ್ಜಿನ ಮೇಲೆ ಸ್ಟಾರ್ ಅಂಟಿಸುವುದಿಲ್ಲವೇ, ಹಾಗೆ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಗೂ ಇಂಥದ್ದೇ ರಿಪೇರಿ ಸೂಚ್ಯಂಕದ ಬಗ್ಗೆ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ವರದಿ ಕೊಟ್ಟ ಸುದ್ದಿ ಬಂದಷ್ಟು ಚಿಕ್ಕದಾಗಿ ಫೋನ್ ಬಿಡುಗಡೆಯ ಸುದ್ದಿ ಯಾವತ್ತೂ ಬರುವುದಿಲ್ಲ, ಅಲ್ವಾ?

ಇದು ಎಲ್ಲೋ ದೂರದ ಮಾತೂ ಅಲ್ಲ. ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಐಫೋನ್ ಜೋಡಿಸುತ್ತಾರೆ. ಆ ಕಾರ್ಖಾನೆಯನ್ನು ಮೊದಲು ವಿಸ್ಟ್ರಾನ್ ಎಂಬ ಕಂಪನಿ ನಡೆಸುತ್ತಿತ್ತು. 2023ರಲ್ಲಿ ಟಾಟಾದವರು ಕೊಂಡರು. ಈ ಕಡೆ ದೇವನಹಳ್ಳಿಯ ಹತ್ತಿರ ಐಫೋನ್ ಜೋಡಿಸುವ ಇನ್ನೊಂದು ಕಂಪನಿ ಫಾಕ್ಸ್‌ಕಾನ್ ಬಂದಿದೆ. ಅಲ್ಲೆಲ್ಲ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳು ಬಹಳ. ಸಣ್ಣ ಸಣ್ಣ ಸ್ಕ್ರೂ ಕೂರಿಸಲು ಹುಡುಗಿಯರ ಕೈಯೇ ಬೇಕು. ಅದೇ ಕೈಗೆ ಆ ಫೋನು ಹಿಡಿಸುತ್ತದಾ ಎಂದು ಡಿಸೈನ್ ಮಾಡುವ ಜಾಗದಲ್ಲಿ ಒಬ್ಬರಾದರೂ ಕೇಳಬೇಕಿತ್ತು.

ಕಂಪನಿಗಳಿಗೆ ಬರೆದರೆ ಉತ್ತರ ಬರುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಜಾಹೀರಾತು ಹಾಕಬೇಡಿ ಎನ್ನುವುದಿಲ್ಲ. ಅದು ನಿಮ್ಮ ಹೊಟ್ಟೆಪಾಡು, ನನಗೂ ಹೊಟ್ಟೆಪಾಡಿನ ಅರಿವಿದೆ. ಆದರೆ ಬಿಡುಗಡೆಯ ಸುದ್ದಿಯನ್ನು ನಿಮ್ಮವರೇ ಬರೆಯುತ್ತಾರಲ್ಲಾ, ಅದರಲ್ಲಿ ಇಂಚಿನ ಪಕ್ಕ ಪರದೆಯ ಅಗಲವನ್ನು ಸೆಂಟಿಮೀಟರಿನಲ್ಲಿ ಹಾಕಿ. ತೂಕ ಹಾಕಿ. ಗಾಜು ಒಡೆದರೆ ಎಷ್ಟು, ಸರ್ವಿಸ್ ಸೆಂಟರ್ ಯಾವ ಯಾವ ಊರಿನಲ್ಲಿದೆ ಎಂದು ಕಂಪನಿಯನ್ನು ಕೇಳಿ ಹಾಕಿ. ಅಕ್ಷರ ದಪ್ಪ ಮಾಡಿ ‘ಶಿಡ್ಲಘಟ್ಟ’ ಎಂದು ಟೈಪ್ ಮಾಡಿ ನೋಡಲು ಹೇಳಿ. ಎರಡು ನಿಮಿಷದ ಕೆಲಸ.

ನಾವು ಗೂಡನ್ನು ಬಣ್ಣ ನೋಡಿ ಕೊಳ್ಳುವುದಿಲ್ಲ. ಹೊಳೆಯುವ ಗೂಡು ಎಷ್ಟೋ ಸಲ ಮೋಸ ಮಾಡುತ್ತದೆ. ಕೈಗೆ ತಗೊಂಡು ಒತ್ತಿ ನೋಡುತ್ತೇವೆ, ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ. ನಮ್ಮ ಲೆಕ್ಕಕ್ಕೆ ರೆಂಡಿಟ್ಟಾ ಎನ್ನುತ್ತೇವೆ, ಎಷ್ಟು ಕೆಜಿ ಗೂಡಿಗೆ ಒಂದು ಕೆಜಿ ರೇಷ್ಮೆ ಬಂತು ಎನ್ನುವ ಲೆಕ್ಕ. ಆ ಅಂಕಿ ಹೇಳದೆ ಬರೀ ಗೂಡಿನ ಉದ್ದ ಹೇಳಿದರೆ ಮಾರ್ಕೆಟ್ಟಿನಲ್ಲಿ ಯಾರೂ ಅತ್ತ ತಿರುಗಿಯೂ ನೋಡುವುದಿಲ್ಲ. ಸುದ್ದಿ ಬರೆದ ನಿಮ್ಮ ವರದಿಗಾರರು ಆ ಫೋನನ್ನು ಕೈಯಲ್ಲಿ ಹಿಡಿದಿದ್ದರಾ? ಕೋಪಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ಹೂವಿನ ಚಿತ್ರ ಕಳಿಸಿದ್ದನ್ನು ಬಿಡಿ, ಅಳತೆಗಳನ್ನು ಬಿಡಬೇಡಿ. ಹೆಸರು ಹಾಕಬೇಡಿ ಎಂದು ಕೋರಿಕೆ. 492 ಒತ್ತಿದ್ದು ನಾನು ಎಂದು ಮಾರ್ಕೆಟ್ಟಿನಲ್ಲಿ ಅರ್ಧ ಜನಕ್ಕೆ ಇನ್ನೂ ಗೊತ್ತಿಲ್ಲ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ